ಹೂವಿಲ್ಲದ ಗುಲಾಬಿ ತೋಟಕ್ಕೆ ಟಿಕೆಟ್

ಬಸ್ ನಿಲ್ದಾಣದ ಬೆಂಚಿನಲ್ಲಿ ನನ್ನ ಪಕ್ಕ ಗುರುತಿಲ್ಲದ ಇಬ್ಬರು ಹೆಂಗಸರು, ಒಬ್ಬರು ಅತ್ತಿಗೆ, ಇನ್ನೊಬ್ಬರು ನಾದಿನಿ, ಕುಳಿತಿದ್ದರು. ಭಾನುವಾರ ಅವರ ಬೀದಿಯ ಮನೆ ತೋಟಗಳನ್ನು ಟಿಕೆಟ್ ಕೊಂಡವರಿಗೆ ತೋರಿಸುತ್ತಾರೆ; ಬಂದ ಹಣ ಆಸ್ಪತ್ರೆಯ ಮಕ್ಕಳ ವಾರ್ಡಿಗೆ. ಇಷ್ಟು ಅವರ ಮಾತಿನಿಂದಲೇ ತಿಳಿಯಿತು.

“ನಮ್ಮನೆ ಬಿಟ್ಟುಬಿಡಿ ಅಂತ ಹೇಳಿಬಿಡ್ತೀನಿ,” ಎಂದರು ಅತ್ತಿಗೆ.

“ಟಿಕೆಟ್ ಮೇಲೆ ನಿಮ್ಮ ಗುಲಾಬೀದೇ ಫೋಟೋ ಇದೆ ಅತ್ತಿಗೆ.”

“ಈಗ ಅದು ಫೋಟೋದಲ್ಲಿ ಮಾತ್ರ ಇರೋದು. ಜನ ಬರ್ತಾರೆ, ನೀಟಾಗಿರಲಿ ಅಂತ ನಿಮ್ಮಣ್ಣ ಎಲ್ಲಾ ಗಿಡಾನೂ ಮೊಣಕಾಲೆತ್ತರಕ್ಕೆ ಕತ್ತರಿಸಿಟ್ಟಿದ್ದಾರೆ.”

“ಚಿಕ್ಕಂದಿನಲ್ಲಿ ನನ್ನ ಜಡೇನೂ ಹೀಗೇ ನೀಟ್ ಮಾಡಿದ್ದ.”

“ನಗಬೇಡ ಕಣೇ. ಬಂದವರಿಗೆ ಏನು ತೋರಿಸಲಿ, ಮುಳ್ಳಾ?”

“ಕತ್ತರಿಸಿದ ಕಡ್ಡಿ ಎಲ್ಲಿ?”

“ಎಸೆಯೋಕೆ ಮನಸ್ಸು ಬರದೆ ಹಳೇ ಡಬ್ಬಗಳಲ್ಲಿ ನೆಟ್ಟಿದ್ದಾರೆ. ಹಿತ್ತಲಲ್ಲಿ ಕಾಲಿಡೋಕೆ ಜಾಗ ಇಲ್ಲ.”

“ಹಾಗಾದ್ರೆ ಅದನ್ನೇ ಮಾರಿ. ಬೇರೆ ಮನೇಲಿ ಹೂವು ನೋಡಿ ಬರ್ತಾರೆ, ನಿಮ್ಮಲ್ಲಿ ಗಿಡ ತಗೊಂಡು ಹೋಗ್ತಾರೆ. ವಾರ್ಡಿಗೂ ಇನ್ನಷ್ಟು ಸಿಗುತ್ತೆ.”

“ಚಿಗುರೇ ಬಂದಿಲ್ಲ. ಯಾರು ತಗೋತಾರೆ?”

“ಪಕ್ಕದಲ್ಲಿ ಫೋಟೋ ಇಡಿ.”

ಬಸ್ ಬಂತು. ಅತ್ತಿಗೆಯ ಮುಖದ ಬಿಗಿ ಸಡಿಲಾಗಿತ್ತು.

“ನಿಮ್ಮಣ್ಣನ್ನ ಮಾತ್ರ ಹೊಗಳಬೇಡ,” ಎಂದರು ಹತ್ತುತ್ತಾ. “ಕತ್ತರಿ ಹಿಡಿದು ಬೀದಿಯ ಉಳಿದ ತೋಟಗಳಿಗೂ ಹೊರಟುಬಿಡ್ತಾರೆ.”