ಕೊನೆಯ ಗುಂಡಿ

ಕಣ್ಣಾಸ್ಪತ್ರೆಯ ಬೆಂಚಿನ ಮೇಲೆ ಬಸ್ ಡ್ರೈವರು ಯೂನಿಫಾರ್ಮಿನಲ್ಲೇ ಕಣ್ಣು ಮುಚ್ಚಿ ಕೂತಿದ್ದ. ಹನಿ ಬಿಟ್ಟ ನರ್ಸು ತಾನು ಕರೆಯುವ ತನಕ ತೆರೆಯಬೇಡಿ ಎಂದಿದ್ದಳು. ಬೇರೆ ಕೆಲಸವಿಲ್ಲದೆ, ಪಕ್ಕದಲ್ಲಿದ್ದ ಇಬ್ಬರು ದರ್ಜಿಗಳ ಮಾತಿಗೆ ಕಿವಿ ಕೊಟ್ಟ. ಗಂಡಸು ಹೆಂಗಸನ್ನು ಅಕ್ಕ ಅನ್ನುತ್ತಿದ್ದ.

“ನಮ್ಮ ಮೇಷ್ಟ್ರು ಎಂಬತ್ತರಲ್ಲೂ ಕನ್ನಡಕ ಹಾಕಲಿಲ್ಲ ಅಕ್ಕ.”

“ಅವರು ಕಣ್ಣಲ್ಲೆಲ್ಲಿ ಹೊಲೀತಿದ್ರು? ಬೆರಳಲ್ಲೇ ನೋಡೋರು.”

“ಕಾಲರಿನದು ಬಿಟ್ರೆ ಶರ್ಟಿನ ಕೊನೇ ಗುಂಡಿ ತೂತು ಮಾತ್ರ ಯಾಕೆ ಅಡ್ಡ ಅಂತ ಕೇಳಿದ್ದಕ್ಕೆ, ನನ್ನನ್ನ ಹತ್ತು ಸಲ ಕೂರಿಸಿ ಏಳಿಸಿದ್ರು.”

“ಗೊತ್ತಾಯ್ತಾ?”

“ಹತ್ತನೇ ಸಲಕ್ಕೆ. ಕೂತಾಗ ಬಟ್ಟೆ ಜಗ್ಗೋದು ಅಲ್ಲೇ. ಅಡ್ಡ ಇದ್ರೆ ಗುಂಡಿ ಕಳಚಲ್ಲ.”

“ಈಗಿನ ಮೆಷೀನು ಎಲ್ಲಾನೂ ಉದ್ದಕ್ಕೇ ಹೊಡೆಯುತ್ತೆ. ಕೊನೇದನ್ನ ನಾನು ಕೈಯಲ್ಲೇ ಹಾಕ್ತೀನಿ.”

“ಈ ಕಣ್ಣಲ್ಲಾ? ಅದು ಪ್ಯಾಂಟಿನೊಳಗೆ ಹೋಗುತ್ತೆ, ಯಾರು ನೋಡ್ತಾರೆ?”

“ಯಾರೂ ನೋಡಲ್ಲ. ಬಸ್ಸಿನವರ ಯೂನಿಫಾರ್ಮು ಇಷ್ಟು ವರ್ಷ ಹೊಲಿದೆ, ಒಬ್ಬರೂ ಕೇಳಿಲ್ಲ. ಪಾಪ, ದಿನವಿಡೀ ಕೂತಿರೋರು.”

ನರ್ಸು ಅವರಿಬ್ಬರನ್ನು ಕರೆದಳು. ಎರಡು ಜೊತೆ ಚಪ್ಪಲಿಗಳ ಸದ್ದು ಒಳಗೆ ಹೋಯಿತು.

ಡ್ರೈವರು ಕಣ್ಣು ತೆರೆಯದೆ, ಶರ್ಟಿನ ತುದಿಯನ್ನು ಮೆಲ್ಲಗೆ ಹೊರಗೆಳೆದು, ಕಾಲರಿನ ಕೆಳಗಿನಿಂದ ಒಂದೊಂದೇ ತೂತನ್ನು ಬೆರಳಲ್ಲಿ ಸವರುತ್ತ ಇಳಿದ. ಆರು ಉದ್ದಕ್ಕಿದ್ದವು. ಏಳನೆಯದು ಅಡ್ಡಕ್ಕಿತ್ತು.