ಹಿಡಿದೆ ಅನ್ನದೆ ನಟ್ಟು ಬಿಚ್ಚುವುದಿಲ್ಲ

...ಅಯ್ಯೋ, ಹಾರ್ನ್ ಅಲ್ಲವೋ! ಬಾಯಿ! ಬಾಯಲ್ಲಿ ಹೇಳು ಅಂದೆ. ಮೂರು ಸಲ ಬ್ರೇಕ್ ಪೆಡಲ್ ಒತ್ತು, ಮೂರನೇದನ್ನ ಒತ್ತಿದ ಹಾಗೇ ಇಟ್ಟುಕೊಂಡು ‘ಹಿಡಿದೆ’ ಅನ್ನು. ಮೂರೇ ಅಕ್ಷರ ಕಣೋ ತಮ್ಮಾ. ನೀನು ಹಾರ್ನ್ ಹೊಡೆದರೆ ನನ್ನ ಎದೆ ಝಲ್ ಅನ್ನುತ್ತೆ. ಗಾಡಿ ಅಡಿಯಲ್ಲಿ ಅಂಗಾತ ಮಲಗಿರೋಳು ನಾನು. ಹಾರ್ನ್ ಕೇಳಿದರೆ ದಡಕ್ಕನೆ ಏಳೋದು ಮನುಷ್ಯರ ಗುಣ, ಎದ್ದರೆ ಹಣೆಗೆ ಕಬ್ಬಿಣ. ಆಗಲೇ ಒಂದು ಸಲ ಬಡಿಸಿಕೊಂಡಾಯ್ತು.

ಯಾಕೋ ಗಾಡಿ ಅಲುಗಾಡ್ತಿದೆ? ನಗ್ತಿದೀಯಾ? ನಗು, ನಗು. ಅಕ್ಕನ ಹಣೆಯಲ್ಲಿ ಬುಗುಟೆ ಎದ್ದರೆ ನಿನಗೆ ಚಿಕ್ಕಂದಿನಿಂದಲೂ ಸಂಭ್ರಮ. ಸದ್ದಿಲ್ಲದೆ ನಕ್ಕರೂ ಸ್ಪ್ರಿಂಗ್ ಹೇಳಿಬಿಡುತ್ತೆ ನೋಡು. ನನ್ನ ಗ್ಯಾರೇಜಿನಲ್ಲಿ ಗುಟ್ಟು ನಿಲ್ಲೋದಿಲ್ಲ.

ಸರಿ, ಇನ್ನೊಂದು ಸಲ ಹೇಳ್ತೀನಿ. ಬ್ರೇಕ್ ಪೈಪಿನ ಒಳಗೆ ಎಣ್ಣೆ ಇರಬೇಕು, ಗಾಳಿ ಇರಬಾರದು. ಎಣ್ಣೆ ಒಳ್ಳೇದು, ಒತ್ತಿದರೆ ಒತ್ತಿದ ಕಡೆ ಹೋಗುತ್ತೆ. ಗಾಳಿ ಹಾಗಲ್ಲ. ಒತ್ತಿದರೆ ಮುದುಡಿಕೊಂಡು ಮೂಲೆಯಲ್ಲಿ ಕೂರುತ್ತೆ, ಬಿಟ್ಟರೆ ಮತ್ತೆ ಉಬ್ಬುತ್ತೆ. ಥೇಟ್ ನಿನ್ನ ಹಾಗೆ. ನೀನು ಪೆಡಲ್ ಒತ್ತಿ ಹಿಡಿದಿರುವಾಗ ನಾನು ಚಕ್ರದ ಹಿಂದಿನ ಈ ಚಿಕ್ಕ ನಟ್ಟನ್ನ ಕಾಲು ಸುತ್ತು ಬಿಚ್ಚುತ್ತೀನಿ. ಎಣ್ಣೆಯ ಜೊತೆ ಗುಳ್ಳೆ ಕೂಡ ಈ ಸಣ್ಣ ಪೈಪಿನಲ್ಲಿ ಹಾದು ಬಾಟಲಿಗೆ ಬರುತ್ತೆ. ಆಗ ನಿನ್ನ ಕಾಲ ಕೆಳಗೆ ಪೆಡಲ್ ತಾನಾಗಿ ಇಳಿದು ನೆಲ ಮುಟ್ಟುತ್ತೆ. ಗಾಬರಿಯಾಗಿ ಕಾಲು ಎತ್ತಬೇಡ. ನಾನು ನಟ್ಟು ಬಿಗಿದು ‘ಬಿಡು’ ಅನ್ನೋವರೆಗೂ ಹಾಗೇ ಇರು. ಮಧ್ಯದಲ್ಲಿ ಎತ್ತಿದೆಯೋ, ಹೊರಗೆ ಹೋದ ಗಾಳಿ ನೆಂಟರಿಷ್ಟರನ್ನೆಲ್ಲ ಕರಕೊಂಡು ವಾಪಸ್ಸು ಬರುತ್ತೆ.

ತಲೆ ಆಡಿಸಿದೆಯಾ? ನನಗೆ ಇಲ್ಲಿಂದ ಕಾಣಲ್ಲ ಮಹರಾಯ. ಅದಕ್ಕೇ ಹೇಳೋದು, ಬಾಯಿ ಬೇಕು ಈ ಕೆಲಸಕ್ಕೆ.

ನಿನಗೆ ಗೊತ್ತಿರಬೇಕು ಬಿಡು. ಎಷ್ಟು ಸಲ ನೋಡಿಲ್ಲ! ನಾನು ಕೆಳಗೆ, ನಿನ್ನ ಹೆಂಡತಿ ಮೇಲೆ. ‘ಹಿಡಿದೇ...!’ ಅಂತ ಒಂದು ಕೂಗು ಹಾಕಿದರೆ ಬೀದಿಯ ಆ ತುದಿಯಲ್ಲಿ ನಾಯಿ ಎದ್ದು ನಿಲ್ಲೋದು. ಸೈರನ್ ಅಂತಲೇ ಹೆಸರಿಟ್ಟಿದ್ದರು ಅವಳಿಗೆ. ಎದುರಿನ ಕಟಿಂಗ್ ಶಾಪಿನವನು ದೂರು ತಂದಿದ್ದ, ಜ್ಞಾಪಕ ಇದೆಯಾ? ‘ಅಕ್ಕಾ, ನಿಮ್ಮ ಸೈರನ್ ಕೂಗುವಾಗ ಗಿರಾಕಿ ಬೆಚ್ಚಿಬೀಳ್ತಾನೆ, ಮೀಸೆ ಒಂದು ಕಡೆ ಹೋಗುತ್ತೆ’ ಅಂತ. ಅದಕ್ಕೆ ಅವಳೇನಂದಳು? ‘ಇನ್ನೊಂದು ಕಡೇದನ್ನೂ ತೆಗೆದುಬಿಡಿ, ಸಮ ಆಗುತ್ತೆ.’ ಕೆಲಸ ಮುಗಿದ ಮೇಲೆ ಬಾಟಲಿ ತೊಳೆದು ಕಿಟಕಿಯಲ್ಲಿ ಕವುಚಿಟ್ಟೇ ಹೋಗೋಳು. ಮೆಕ್ಯಾನಿಕ್ ನಾನು, ಅಚ್ಚುಕಟ್ಟು ಅವಳದು.

ಹ್ಞೂಂ. ಬಾ, ಕೆಲಸ ನೋಡೋಣ. ಒತ್ತು. ಒತ್ತು. ಒತ್ತಿ... ಹಿಡಿ.

ಹೇಳು.

ಹೇಳೋ.

...ಆಯ್ತಪ್ಪಾ, ಹಾರ್ನೇ ಹೊಡಿ, ಇದೊಂದು ಸಲಕ್ಕೆ. ಮೆಲ್ಲಗೆ! ಹಾಂ. ಬಿಚ್ಚಿದೆ. ಬಂತು, ಬಂತು! ಸೋಡಾ ಬಾಟಲಿ ಒಡೆದ ಹಾಗೆ ಗುಳ್ಳೆ! ಸಾಕು. ಬಿಗಿದೆ. ಬಿಡು.

ಯಾಕೋ ನೆಲ ಕುಟ್ಟುತ್ತಿದೀಯ? ಏನು? ಪೆಡಲ್ ನೆಲ ಮುಟ್ಟಲಿಲ್ಲ ಅಂತಲಾ? ಎರಡು ಸಲ ಕುಟ್ಟಿದರೆ ಹೌದು ಅಂತ ಅರ್ಥವಾ? ಒಳ್ಳೇ ಪೀಕಲಾಟ. ನೋಡು, ಇದು ಎಬಿಎಸ್ ಗಾಡಿ. ಹಳೇ ಗಾಡಿಗಳ ಹಾಗಲ್ಲ. ಬಾನೆಟ್ ಕೆಳಗೆ ಒಂದು ಕಬ್ಬಿಣದ ಪೆಟ್ಟಿಗೆ ಇದೆ. ಚಕ್ರ ಜಾರದ ಹಾಗೆ ಬ್ರೇಕನ್ನ ಹಿಡಿದು ಬಿಟ್ಟು, ಹಿಡಿದು ಬಿಟ್ಟು ಮಾಡೋದು ಅದೇ. ನೀನು ಗಾಡಿ ನಿಲ್ಲಿಸಿದ್ದು ನಿಲ್ಲಿಸಿದ ಹಾಗೇ ಬಿಟ್ಟೆಯಲ್ಲ, ಎಣ್ಣೆಯಲ್ಲಿ ನೀರು ಸೇರಿ ಆ ಪೆಟ್ಟಿಗೆ ಒಳಗಿಂದ ತುಕ್ಕು ಹಿಡಿದಿತ್ತು. ಹೊಸದು ಹಾಕಿದೀನಿ. ಹೊಸದರೊಳಗೆ ಬರೀ ಗಾಳಿ. ಅದರ ಬಾಗಿಲುಗಳು ತಾವಾಗಿ ತೆಗೆಯೋದಿಲ್ಲ, ಹಾಗಾಗಿ ಗಾಳಿ ಒಳಗೇ ಚಿಲಕ ಹಾಕಿಕೊಂಡು ಕೂತಿರುತ್ತೆ. ಪೆಡಲ್ ಇಳಿಯದೇ ಇರೋದಕ್ಕೆ... ಅದೇ ಕಾರಣ. ಹೌದು. ಅದೇ.

ಮತ್ತೆ ಕುಟ್ಟಿದೆಯಾ? ಒಂದೇ ಸಲ ಕುಟ್ಟಿದೆ. ಅಂದರೆ ಅಲ್ಲ ಅಂತಲಾ? ನೀನು ಮೆಕ್ಯಾನಿಕ್ಕೋ, ನಾನು ಮೆಕ್ಯಾನಿಕ್ಕೋ? ಸುಮ್ಮನೆ ಮೊಸರಲ್ಲಿ ಕಲ್ಲು ಹುಡುಕಬೇಡ.

ಪಕ್ಕದ ಸೀಟಿನ ಮೇಲೆ ಸ್ಕ್ಯಾನರ್ ಇದೆ ನೋಡು, ಸ್ಟೇರಿಂಗ್ ಕೆಳಗೆ ವೈರ್ ಸಿಕ್ಕಿಸಿದೀನಿ. ಹಸಿರು ಗುಂಡಿ ಒತ್ತು. ಕಾಲು ಪೆಡಲ್ ಮೇಲೇ ಇರಲಿ. ಗರ್ರ್... ಕೇಳಿಸ್ತಾ? ಪೆಟ್ಟಿಗೆಯ ಮೋಟಾರು ಅದು. ಬಾಗಿಲು ಪಟಪಟ ತೆಗೆದು ಹಾಕ್ತಾ ಇದೆ. ಪೆಡಲ್ ನಡುಗುತ್ತೆ, ಕಾಲಿಗೆ ಕಚಗುಳಿ ಇಟ್ಟ ಹಾಗಿರುತ್ತೆ. ಕಿರುಚಬೇಕು ಅನ್ನಿಸಿದರೆ ಕಿರುಚು, ನನ್ನದೇನೂ ಅಭ್ಯಂತರ ಇಲ್ಲ... ಇಲ್ಲವಾ? ಬೇಡ ಬಿಡು.

ನಿಂತಿತು. ಇನ್ನು ಗಾಳಿ ಪೈಪಿಗೆ ಇಳಿದಿರುತ್ತೆ. ನಾವು ಇಲ್ಲಿಂದ ಅದನ್ನ ಹೊರಗೆ ಕಳಿಸಬೇಕು. ಇವತ್ತು ಗಾಡಿ ರೆಡಿಯಾದರೆ ನಾಳೆಯಿಂದ ನೀನು ಬಾಡಿಗೆಗೆ ಹೋಗಬಹುದು. ಮನೆ ಖಾಲಿ ಮಾಡೋರು ನನಗೆ ಫೋನ್ ಮಾಡ್ತಾರೆ, ‘ನಿಮ್ಮ ತಮ್ಮ ಫೋನ್ ಎತ್ತುತ್ತಾರೆ, ಮಾತಾಡಲ್ಲ’ ಅಂತ. ಹಲೋ ಅನ್ನದವನಿಗೆ ಯಾರಪ್ಪಾ ಮಂಚ, ಬೀರು ನಂಬಿ ಕೊಡ್ತಾರೆ? ಡಾಕ್ಟರು ಟಾರ್ಚ್ ಬಿಟ್ಟು ನೋಡಿ ಗಂಟಲು ಚೆನ್ನಾಗಿದೆ ಅಂದರು. ಅದಕ್ಕೇ ಬೆಳಿಗ್ಗೆ ನಿನ್ನನ್ನ ಹಾಸಿಗೆಯಿಂದ ಎಳಕೊಂಡು ಬಂದಿದ್ದು. ಪೆಡಲ್ ಒತ್ತೋಕೆ ಯಾರಾದರೂ ಸಿಕ್ತಿದ್ದರು. ನನಗೆ ನಿನ್ನ ಬಾಯಿಂದ ಆ ಮಾತು ಬೇಕಿತ್ತು. ನಿನಗೋಸ್ಕರ ಕಣೋ. ಎಲ್ಲ ನಿನಗೋಸ್ಕರ.

ಯಾಕೆ ಕೆಮ್ಮಿದೆ?

ಅವಳು ಹೋದ ದಿನದಲ್ಲಿ ಏನಿತ್ತು, ಹೇಳು? ಏನೂ ಇರಲಿಲ್ಲ. ಬೆಳಿಗ್ಗೆ ಇಲ್ಲಿಗೆ ಬಂದಳು, ಒಂದು ವ್ಯಾನಿಗೆ ಪೆಡಲ್ ಒತ್ತಿಕೊಟ್ಟಳು, ಬೀದಿಯನ್ನೆಲ್ಲ ಎಬ್ಬಿಸಿದಳು, ಟೀ ಕುಡಿದಳು. ಆಮೇಲೆ ನೀವಿಬ್ಬರೂ ಬಾಡಿಗೆಗೆ ಹೋದಿರಿ, ಅವಳು ಸ್ಟೇರಿಂಗು, ನೀನು ಹಗ್ಗ. ಮಧ್ಯಾಹ್ನ ಗೋಡೆ ನೆರಳಲ್ಲಿ ಗಾಡಿ ನಿಲ್ಲಿಸಿ, ‘ತಲೆ ಭಾರ, ಸ್ವಲ್ಪ ಕಣ್ಣು ಮುಚ್ಚುತ್ತೀನಿ, ಬೀರು ಇಳಿಸಿ ಕರಿ’ ಅಂದಳು. ನೀನು ಇಳಿಸಿದೆ. ಕರೆದೆ. ಮತ್ತೆ ಕರೆದೆ. ಬಾಗಿಲು ತೆಗೆದು ಕರೆದೆ. ಅದಾದ ಮೇಲೆ ನೀನು ಯಾರನ್ನೂ ಕರೆದಿಲ್ಲ. ನನ್ನನ್ನ ಅಕ್ಕಾ ಅಂತಲೂ.

...ಗಾಡಿ ಯಾಕೆ ಇಷ್ಟು ಅಲ್ಲಾಡದೆ ನಿಂತಿದೆ? ಉಸಿರಾಡ್ತಿದೀಯ ತಾನೇ? ನನಗೆ ಬುದ್ಧಿ ಇಲ್ಲ ಬಿಡು. ಬೇರೆ ಮಾತಾಡೋಣ. ಮೇಲಿನ ರಸ್ತೆ ಗ್ಯಾರೇಜಿನವನು ಸಿಕ್ಕಿದ್ದ. ‘ಅಕ್ಕಾ, ಬ್ರೇಕ್ ಕೆಲಸ ಎಲ್ಲ ನನ್ನ ಹತ್ತಿರ ಕಳಿಸ್ತೀರಲ್ಲ, ಪುಣ್ಯ ಬರಲಿ’ ಅಂದ. ಏನು ಮಾಡಲಿ, ಕ್ಲಚ್ಚು, ಗೇರು, ಇಂಜಿನ್ನು ಅಂತ ಕೈ ತುಂಬ ಕೆಲಸ ನನಗೆ. ಪುರುಸೊತ್ತಿಲ್ಲ. ಅಷ್ಟೇ ವಿಷಯ, ಬೇರೇನಿಲ್ಲ.

ಒತ್ತು. ಒತ್ತು. ಒತ್ತಿ ಹಿಡಿ.

ಈ ಸಲ ಹಾರ್ನ್ ಬೇಡ. ಬಾಯಿ. ನಾನು ಕಾಯ್ತೀನಿ.

...ಕಾಯ್ತಾ ಇದೀನಿ.

ಹೋಗಲಿ, ಹಿಡಿದಿದೀಯ ಅಂದುಕೊಂಡೆ. ಬಿಚ್ಚಿದೆ. ಆಹಾ! ಎಷ್ಟು ಗುಳ್ಳೆ! ಸುಯ್ ಅಂತ ಬರ್ತಾ ಇದೆ. ಈಗ ನೋಡು ಪೆಡಲ್ ಹೇಗೆ... ಲೋ! ಕಾಲು ಎತ್ತಿದೆಯಾ? ಇಳೀಬೇಡ, ಇಳೀಬೇಡ ಅಂದೆ! ಬಾಗಿಲು ಯಾಕೆ ತೆಗೆದೆ? ನಟ್ಟು ಬಿಚ್ಚಿರುವಾಗ ಪೆಡಲ್ ಬಿಟ್ಟರೆ ಗಾಳಿ ಒಳಗೆ...

ಏನೋ, ಕುಕ್ಕರಗಾಲಲ್ಲಿ ಕೂತು ಹಾಗೆ ನೋಡ್ತೀಯ? ನನ್ನ ಮುಖದ ಮೇಲೆ ಗ್ರೀಸ್ ಇದೆ, ಗೊತ್ತು. ಎಣ್ಣೆ ಸೋರುತ್ತೆ, ದೂರ ಹೋಗು. ಬಾಟಲಿ ಮುಟ್ಟಬೇಡ. ಮುಟ್ಟಬೇಡ ಅಂದೆ. ಕೊಡು ಇಲ್ಲಿ. ಅದನ್ನೇನು ಬೆಳಕಿಗೆ ಹಿಡಿದು...

...

ಅದು... ಗುಳ್ಳೆ ಒಡೆದು ಹೋಗಿರಬೇಕು. ಗಾಳಿ ತಾನೇ, ಬಾಟಲಿಯಲ್ಲಿ ನಿಲ್ಲುತ್ತಾ?

...

ಹಾಗೆ ನೋಡಬೇಡವೋ. ಬೈಯಬೇಕು ಅನ್ನಿಸಿದರೆ ಬಾಯಿ ಬಿಟ್ಟು ಬೈಯಿ. ಸುಮ್ಮನಿರಬೇಡ.

ಹೌದು. ಒಣಗಿದೆ. ಒಂದು ಹನಿ ಬಿದ್ದಿಲ್ಲ. ತಳದಲ್ಲಿ ಸ್ವಲ್ಪ ಎಣ್ಣೆ ಹಾಕಿ ಶುರು ಮಾಡಬೇಕಿತ್ತು, ಅದನ್ನೂ ಹಾಕಿಲ್ಲ. ಬೆಳಿಗ್ಗೆಯಿಂದ ನಾನು ನಟ್ಟು ಬಿಚ್ಚೇ ಇಲ್ಲ. ಸ್ಪಾನರ್ ಕೂರಿಸ್ತೀನಿ, ಕೈ ತಿರುಗಲ್ಲ. ಮೇಲಿಂದ ಆ ಕೂಗು ಬಂದರೆ ತಿರುಗೋ ಕೈ ಇದು, ಹಾಗೇ ಅಭ್ಯಾಸವಾಗಿದೆ. ಅವತ್ತಿಂದ ಒಂದು ಗಾಡಿಯ ಬ್ರೇಕಿನಿಂದಲೂ ಗಾಳಿ ತೆಗೆದಿಲ್ಲ ನಾನು. ನಿನಗೋಸ್ಕರ ಅಂದೆನಲ್ಲ... ಪೂರ್ತಿ ಸುಳ್ಳಲ್ಲ, ಅರ್ಧ. ಈ ಬಾಟಲಿ ಅವಳು ತೊಳೆದು ಕವುಚಿಟ್ಟು ಹೋಗಿದ್ದು. ಇವತ್ತೇ ಕಿಟಕಿಯಿಂದ ತೆಗೆದೆ. ಇದರೊಳಗೆ ಕೊಳೆ ಎಣ್ಣೆ ಬಿಡೋಕೆ...

ಬೆಳಿಗ್ಗೆಯಿಂದ ಗಾಳಿ ಗುದ್ದಿ ಮೈ ನೋಯಿಸಿಕೊಂಡಿದ್ದು ಅಂದರೆ ಇದೇ. ನಗು ಬೇಕಾದರೆ. ನಗ್ತಾ ಇಲ್ಲವಾ?

ಏನು? ಸ್ಪಾನರ್ ಯಾಕೆ ನಿನಗೆ? ಬಿಡೋ... ನಾನಾ? ನಾನು ಮೇಲೆ? ನೀನು ಇಲ್ಲಿ ಮಲಗ್ತೀಯಾ? ನೀನು ಹಗ್ಗ ಕಟ್ಟೋನು ಕಣೋ, ನಟ್ಟಿನ ಮೂತಿ ಮುರಿದರೆ ನನ್ನ ಗತಿ... ಸರಿ, ಸರಿ, ತಳ್ಳಬೇಡ, ಏಳ್ತೀನಿ. ಏಳೋಕೂ ಬಿಡಲ್ಲ ಈ ಸೊಂಟ. ಮೊದಲು ತಳಕ್ಕೆ ಎಣ್ಣೆ ಹಾಕು, ಪೈಪಿನ ತುದಿ ಅದರಲ್ಲಿ ಮುಳುಗಿರಲಿ. ಹಾಂ. ನಿನ್ನ ಕೈಯಿಂದಲೇ ಹಾಕಿದೆಯಲ್ಲ, ಒಳ್ಳೇದಾಯ್ತು.

ಹತ್ತಿದೆ. ಸೀಟು ಎಷ್ಟು ಹಿಂದಕ್ಕೆ ತಳ್ಳಿದೀಯ ನೀನು! ನನ್ನ ಕಾಲು ಎಟುಕಬೇಡವಾ? ಇರು. ಹಾಂ, ಇಲ್ಲಿ. ಸೀಟು ಸರಿಸೋ ಪಟ್ಟಿಯಲ್ಲಿ ಅವಳಿಗೂ ಇದೇ ಹಲ್ಲು, ನನಗೂ ಇದೇ.

ಕೇಳಿಸ್ತಾ ಇದೆಯಾ? ಕಾಲು ಸುತ್ತು ಸಾಕು, ಎಡಕ್ಕೆ. ನಾನು ಹೇಳಿದ ಮೇಲೆ. ಹೇಳದೆ ಬಿಚ್ಚಬೇಡ.

ಒತ್ತಿದೆ. ಒತ್ತಿದೆ. ಒತ್ತಿ...

...

ಇರೋ, ಒಂದು ನಿಮಿಷ. ಸ್ಪಾನರಿನಿಂದ ಕುಟ್ಟಬೇಡ! ಗೊತ್ತು. ಮೂರೇ ಅಕ್ಷರ, ನನಗೂ ಗೊತ್ತು. ಬೆಳಿಗ್ಗೆಯಿಂದ ಬಡಬಡ ಅಂದವಳಿಗೆ ಇದೊಂದು ಮಾತು... ಕಟಿಂಗ್ ಶಾಪಿನವನು ಬಾಗಿಲಲ್ಲಿ ನಿಂತು ಈ ಕಡೆಗೇ ನೋಡ್ತಾ ಇದಾನೆ, ಕತ್ತರಿ ಹಿಡಕೊಂಡು. ನೋಡಲಿ.

ಹೇಳ್ತೀನಿ. ಹೇಳ್ತೀನಿ ಇರು.

...

ಹಿಡಿದೆ.

...

ಪೆಡಲ್ ನೆಲ ಮುಟ್ಟಿತು.