ಒಂದೇ ಎಲೆಯಲ್ಲಿ ಉಂಡವರು

ತೊಂಬತ್ತೈದರ ನವೆಂಬರಿನ ಒಂದು ಬೆಳಿಗ್ಗೆ ಕೆ.ಆರ್. ಪೇಟೆ ಬಸ್‌ಸ್ಟ್ಯಾಂಡಿನಲ್ಲಿ ಸಾಕಮ್ಮ ಬೂಕನಕೆರೆ ಬಸ್ಸಿಗೆ ಕಾಯುತ್ತ ಕೂತಿದ್ದಳು. ಪಕ್ಕದ ಮುದುಕನ ತೊಡೆಯ ಮೇಲೆ ಬಾಳೆಲೆಯಲ್ಲಿ ಸುತ್ತಿದ ಹೂವಿನ ಹಾರವಿತ್ತು. ದೇವಸ್ಥಾನಕ್ಕಿರಬೇಕು ಅಂದುಕೊಂಡಳು. ಅವನಾಚೆ ಕೂತವನು ಪೇಪರು ಓದುತ್ತಿದ್ದ.

“ಇಸ್ರೇಲಿನ ಪ್ರಧಾನಿನ ಮಣ್ಣು ಮಾಡುದ್ರಂತೆ, ಜವರಣ್ಣ.”

“ಅಮೆರಿಕದೋರು ಮಧ್ಯ ನಿಂತ್ಕಂಡು, ಪ್ಯಾಲೆಸ್ತೀನ್ ಕಡೆ ಯಜಮಾನನ ಕೈ ಕುಲುಕ್ಸಿದ್ರಲ್ಲ, ಆವಯ್ಯನಾ?”

“ಊಂ. ರಾಜಿ ಆಗಿದ್ದೇ ತಪ್ಪು ಅಂತ ಅವ್ರ ಕಡೆಯೋನೇ ಗುಂಡು ಹೊಡ್ದವ್ನೆ.”

“ಅಮೆರಿಕದೋರು ಓಗಿದ್ರಾ ಮಣ್ಣಿಗೆ?”

“ಪ್ರೆಸಿಡೆಂಟೇ ಓಗಿದ್ರಂತೆ.”

“ಕೈ ಕುಲುಕಿದ್ನಲ್ಲ, ಆ ಯಜಮಾನ?”

“ಅವ್ನು ಬಂದ್ರೆ ಏನಾದ್ರೂ ಆದಾತು ಅಂತ ಬ್ಯಾಡ ಅಂದ್ರಂತೆ.”

ಮುದುಕ ಹಾರದ ಮೇಲಿನ ಎಲೆಯನ್ನು ಸರಿಮಾಡಿದ.

“ನಿಂಗರಾಜು, ಬೂಕನಕೆರೇಲಿ ನನ್ ತಮ್ಮ ರಾತ್ರಿ ತೀರ್ಕಂಡ ಕಣ್ಲಾ. ಮಣ್ಣಿಗೆ ಬರಬ್ಯಾಡ ಅಂತ ಅವ್ನ ಮಕ್ಳು ಏಳಿ ಕಳ್ಸವ್ರೆ.”

“ಗದ್ದೆ ಜಗಳ ಮುಗೀತು ಅಂತ ಯುಗಾದೀಲಿ ಪಟೇಲ್ರು ನಿಮ್ಮಿಬ್ರನ್ನೂ ಒಂದೇ ಎಲೇಲಿ ಉಣ್ಸಿದ್ರಲ್ಲಣ್ಣ?”

“ಉಂಡಿದ್ದು ನಾವಿಬ್ರೆಯ. ಮಕ್ಳು ಉಂಡಿರ್ನಿಲ್ಲ.”

ಬೂಕನಕೆರೆ ಬಸ್ಸು ಬಂತು. ಸಾಕಮ್ಮ ಎದ್ದಳು. ಮುದುಕ ಏಳಲಿಲ್ಲ.

“ಬೂಕನಕೆರೆಗೇನವ್ವ?”

“ಊಂ ಕಣಪ್ಪ.”

ಅವನು ಎಲೆಯ ಸಮೇತ ಹಾರವನ್ನು ಅವಳ ಕೈಗಿಟ್ಟ.

“ತಮಟೆ ಸದ್ದು ಎಲ್ಲಿ ಕೇಳುಸ್ತದೋ ಅದೇ ಮನೆ. ಇದ್ನ ಅವ್ನ ಮ್ಯಾಲೆ ಆಕ್ಬುಡವ್ವ. ಯಾರ್ ಕೊಟ್ರು ಅಂತ ಕೇಳುದ್ರೆ ಏಳ್ಬ್ಯಾಡ.”

ಬಸ್ಸು ತಿರುಗಿಕೊಂಡಾಗ ಸಾಕಮ್ಮ ಕಿಟಕಿಯಿಂದ ನೋಡಿದಳು. ಮುದುಕ ಚಪ್ಪಲಿ ಬಿಟ್ಟು, ಬಸ್ಸಿನ ಕಡೆಗೆ ಕೈಮುಗಿದುಕೊಂಡು ನಿಂತಿದ್ದ.